ಹದ್ದು

ನಮ್ಮ ಕಡಿ ಹದ್ದು ಅಂದ್ರ ಎರಡು.
ಒಂದು ಹೊಳಿ ಮ್ಯಾಗ ಸುತ್ತತದ,
ಒಂದು ಮಣ್ಣಾಗ ಹುಗದಿರ್ತದ.

ಅಪ್ಪ ಮೋಜಣಿ ಇಲಾಖೆದಾಗ ಸರಪಳಿ ಹಿಡಿಯಾಂವ,
ಮೂವತ್ತಾರು ವರ್ಷ.
ಸಾಹೇಬ್ರು ಬದಲಾದ್ರು, ಜೀಪು ಬದಲಾತು, ಸರಪಳಿ ಅದೇ.
"ನೂರು ಕೊಂಡಿ. ನಡು ಜೋತು ಬಿದ್ರ
ಗೇಣು ಹೊಲ ಯಾರ್ದೋ ಪಾಲಾಗ್ತದ,
ಅದಕ್ಕ ಉಸಿರು ಹಿಡದು ಎಳೀತಿದ್ದೆ" ಅಂತಿದ್ದ.

ಮೊದಲ ಸಲ ನನ್ನ ಹೊಳಿಗಿ ಕರ್ಕೊಂಡು ಹೋದ ದಿನ
"ಹದ್ದು ತೋರಸ್ತೀನಿ ಬಾ" ಅಂದ.
ನಾ ಕುತಿಗಿ ಎತ್ತಿ ಮುಗಿಲು ನೋಡಿದೆ.
ಆಂವ ಕಾಲಿಂದ ಜಾಲಿಕಂಟಿ ಸರಿಸಿ
ಒಂದು ಕಲ್ಲು ತೋರಿಸಿದ.
ಮಕದ ಮ್ಯಾಗ ಉರ್ದು, ಬೆನ್ನಿಗಿ ಪಾಚಿ,
ನೆತ್ತಿ ಮ್ಯಾಗ ಖರೇ ಹದ್ದಿನ ಹಿಕ್ಕಿ.

ನಕ್ಷಾ ಬಿಚ್ಚಿ ನೋಡ್ರಿ:
ಪಡುವಲಿಂದ ಕೃಷ್ಣಾ, ಬಡಗಲಿಂದ ಭೀಮಾ,
ಇಕ್ಕಳದ ಎರಡು ಕಾಲು.
ನಡುವ ಹಿಡದ ಕೆಂಡ ನಾವು.
ಆ ದಂಡಿಗಿ ತೆಲುಗು ಬರ್ತದ,
ಈ ದಂಡಿಗೂ ಬರ್ತದ, ಎಮ್ಮಿ ಬೈಯೋವಾಗ.
ಲೆಕ್ಕ ಹಾಕೋವಾಗ ಉರ್ದು.
ಅಳೋವಾಗ ಕನ್ನಡ.

ಈ ಮಣ್ಣು ಮೊದಲು ತುಳದಾವ್ರು ಯಾರೋ.
ಹುಣಸಗಿ ಕಡಿ ಹಳ್ಳದಾಗ ಕಲ್ಲಿನ ಕೊಡ್ಲಿ ಸಿಗ್ತಾವ,
ಹಿಡಿ ಇಲ್ಲ, ಒಡೆಯ ಇಲ್ಲ, ಸರ್ವೆ ನಂಬರ್ ಇಲ್ಲ.
ಅಪ್ಪ ಒಂದು ಆರಿಸಿ ತಂದಿದ್ದ,
ಗಾಳಿಗಿ ನಕ್ಷಾ ಹಾರಬಾರ್ದಂತ ಮ್ಯಾಗ ಇಡ್ತಿದ್ದ.

ಆಮ್ಯಾಗ ಸುರಪುರದ ದೊರಿ, ಆಮ್ಯಾಗ ನಿಜಾಮ.
ಫಸಲಿ ಸಾವಿರದ ಮುನ್ನೂರ ನಲವತ್ತೇಳರ ಪಹಣಿ
ಇನ್ನೂ ನಮ್ಮ ಟ್ರಂಕಿನ್ಯಾಗ ಅದ,
ಮುಟ್ಟಿದ್ರ ಹಪ್ಪಳದಂಗ ಮುರೀತದ.
ಆಮ್ಯಾಗ ಭಾಷಾ ನೋಡಿ ಗೆರಿ ಎಳದ್ರು.
ಸೋದರತ್ತಿ ಚಂದವ್ವ ಒಂದು ಮುಂಜಾನಿ ಎದ್ದು
ಆಂಧ್ರದಾಕಿ ಆಗಿದ್ದಳು,
ಒಲಿ ಸೈತ ಸರಿಸಿರಲಿಲ್ಲ ಆಕಿ.

ಎರಡು ಸಾವಿರದ ಒಂಬತ್ತು. ದಸರಾ ಮುಗದಿತ್ತು.
ಹೊಳಿ ಮೂರು ದಿನ ನಮ್ಮ ಮನಿ ಒಳಗ ಇತ್ತು,
ಜಂತಿ ತನಕ ಕೆಸರಿನ ಗುರುತು ಬಿಟ್ಟು ಹೋತು.
ನಾಕನೇ ದಿನ ಹೋಗಿ ನೋಡಿದ್ರ ಕಲ್ಲು ಇಲ್ಲ.
ಚಳಿಗಾಲಕ್ಕ ನಮಗ ಜಿಲ್ಲಾ ಬಂತು:
ಯಾದಗಿರಿ ಅಂತ ಹೊಸ ಬೋರ್ಡು, ಹೊಸ ಠಸ್ಸಿ, ಹೊಸ ನಕ್ಷಾ.
ಹೊಳಿ ನಡುವ ಎದ್ದಿದ್ದ ಉಸುಕಿನ ಗಡ್ಡಿ ಮಾತ್ರ
ಯಾ ನಕ್ಷಾದಾಗೂ ಇಲ್ಲ.

ಅಲ್ಲಿ ಕಲ್ಲಂಗಡಿ ಹಾಕಿದಾಕಿ ಮಸ್ತಾನಬಿ, ನಮ್ಮ ದಂಡ್ಯಾಕಿ.
ಸೌತಿ ಹಾಕಿದಾಕಿ ನರ್ಸಿಂಗಮ್ಮ, ಆ ದಂಡ್ಯಾಕಿ.
ಬಳ್ಳಿಗಿ ಏನ್ ಗೊತ್ತು, ಒಂದರ ಮ್ಯಾಗ ಒಂದು ಹಬ್ಬಿದವು.
ಜಗಳ ಎರಡು ಭಾಷಾದಾಗ ಸುರು ಆತು,
ಬೈಗುಳ ಮಾತ್ರ ಇಬ್ಬರಿಗೂ ತಿಳೀತಿತ್ತು.
ಎರಡೂ ರಾಜ್ಯದ ಸಾಹೇಬ್ರು ಬಂದ್ರು,
ಕೈಯಾಗ ಉಪಗ್ರಹ ಕೇಳೋ ಯಂತ್ರ.
"ಮೋನಪ್ಪ, ಕಲ್ಲು ಎಲ್ಲಿತ್ತೋ?"
ಅಪ್ಪ ಬಹಳ ಹೊತ್ತು ನೀರು ನೋಡಿದ.
"ಕಲ್ಲು ಇದ್ದಲ್ಲಿ ಈಗ ಹೊಳಿ ಅದರಿ,
ಹೊಳಿ ಇದ್ದಲ್ಲಿ ಕಲ್ಲಂಗಡಿ."
ಸಾಹೇಬ್ರು ಒಂದು ಹಣ್ಣು ಒಡಿಸಿ ತಿಂದ್ರು,
ಬೀಜ ಎರಡೂ ಕಡಿ ಉಗುಳಿ ಹೋದ್ರು.

ಅಪ್ಪ ಹೋದ ಹನ್ನೊಂದನೇ ದಿನ
ಆತನ ರುಮಾಲು ಒಗಿಲಾಕ ಹೋಗಿದ್ದೆ.
ಬ್ಯಾಸಗಿ. ನೀರು ಮೊಳಕಾಲಿಗಿ ಇಳದಿತ್ತು.
ಸೋಪು ಜಾರಿತಂತ ಒಗಿಯೋ ಕಲ್ಲಿನ ಕೆಳಗ ಕೈ ಹಾಕಿದೆ.
ಬೆರಳಿಗಿ ಕೆತ್ತಿದ ಗೆರಿ ಹತ್ತಿದವು:
ಒಂದು ನೆಟ್ಟಗ, ಒಂದು ಬಾಗಿ,
ಮ್ಯಾಗ ಎರಡು ಚುಕ್ಕಿ.
ನನಗ ಉರ್ದು ಓದ್ಲಾಕ ಬರಲ್ಲ.
ದಿನಾ ಸಂಜಿಗಿ ಈ ಕಲ್ಲಿನ ಮ್ಯಾಗ ಕುಂತು
ಬೀಡಿ ಸೇದ್ತಿದ್ದ ಅಪ್ಪಗ ಬರ್ತಿತ್ತು.

ಓಣಿ ಹೆಣಮಕ್ಕಳು ಹಿಂದ ಪಾಳಿ ನಿಂತಿದ್ರು.
"ಆತೇನ ನಿಂದು?"
ರುಮಾಲು ಇನ್ನೊಂದು ಸಲ ಬಡದೆ.
ಮ್ಯಾಗ ಹದ್ದು, ಕಾಲಾಗ ಮೀನು ಹಿಡಕೊಂಡು,
ರೈಲಿನ ಪೂಲಿನ ಕಡಿ ಹೊಂಟಿತ್ತು,
ಈ ದಂಡಿ ಮೀನೋ, ಆ ದಂಡಿದೋ.